ಗೋದಲಿಗೆ ಒಂದು ಹಿಡಿ ಹುಲ್ಲು

ನಮ್ಮ ಮನೆಯ ದೇವರ ಮುಂದಿನ ಮಣೆಯ ಮೇಲೆ ಎರಡು ಮಣ್ಣಿನ ಎತ್ತುಗಳು ಮೇವಿಲ್ಲದ ಖಾಲಿ ಗೋದಲಿಯೆದುರು ನಿಂತು ನನ್ನನ್ನೇ ನೋಡುತ್ತಿವೆ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ವಾರವಾಯಿತು. ಉಳಿದವರ ಮನೆಯ ಎತ್ತುಗಳೆಲ್ಲ ಆಗಲೇ ನೀರು ಸೇರಿದವು. ನಮ್ಮವು ಮಾತ್ರ ಏಳಲೊಲ್ಲವು. ತಪ್ಪು ಅವುಗಳದ್ದಲ್ಲ, ನನ್ನದು. ಹೇಳಿಕೊಂಡರಾದರೂ ಸಂಕಟ ಕಡಿಮೆಯಾದೀತೇನೋ ಎಂದು ನಿಮ್ಮ ಮುಂದೆ ಕುಳಿತಿದ್ದೇನೆ.

ರಾಣೆಬೆನ್ನೂರಿನಲ್ಲಿ ನಮ್ಮ ಮನೆಯೆದುರಿಗೇ ಬಡಾವಣೆಯ ಉದ್ಯಾನವಿದೆ. ಹಲಗೇರಿಯ ಗಂಗವ್ವ ವಾರಕ್ಕೊಮ್ಮೆ ಬಂದು ತನ್ನ ಎಮ್ಮೆಗೆಂದು ಅಲ್ಲಿಯ ಹುಲ್ಲು ಕೊಯ್ಯುತ್ತಿದ್ದಳು. ಕುಡುಗೋಲು ಬುಡಕ್ಕೆ ತಾಗಿಸುತ್ತಿರಲಿಲ್ಲ. ನಾಲ್ಕು ಬೆರಳು ಬಿಟ್ಟೇ ಕೊಯ್ಯುವಳು. ಆ ಏರುಪೇರು ನಮ್ಮ ನೆರೆಯ ಶಿವಣ್ಣನ ಕಣ್ಣಿಗೆ ಚುಚ್ಚಿತು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಆತ. ಕಾಯಿಯ ಬಣ್ಣ ನೋಡಿಯೇ ಹೊಲದ ಮಣ್ಣಿನ ಸತ್ವ ಹೇಳುವ ಮನುಷ್ಯ. “ಪಾರ್ಕ್ ಅಂದ್ರ ಗಾಲೀಚಾ ಹಾಸಿದಂಗ ಇರಬೇಕ್ರೀ ಸರ,” ಎಂದ. ಬಡಾವಣೆಯ ಸಂಘದ ಕಾರ್ಯದರ್ಶಿಯಾದ ನಾನು, ತಲೆಯಲ್ಲಿ ಬುದ್ಧಿಯಿದ್ದೂ, ಹೂಂ ಎಂದೆ. ಹುಲ್ಲು ಕತ್ತರಿಸುವ ಯಂತ್ರ ಬಂತು. ಗಂಗವ್ವನಿಗೆ “ಇನ್ನ ಬರಬ್ಯಾಡ” ಎಂದವನೂ ನಾನೇ.

ಪ್ರತಿ ಭಾನುವಾರ ಯಂತ್ರ ಭರ್ರನೆ ಓಡಿ ನೆಲವನ್ನು ಬೋಳಿಸಿತು. ಉದುರಿದ ಒಂದು ಎಲೆಯನ್ನೂ ಬಿಡದೆ ಗುಡಿಸಿ ಕಸದ ಗಾಡಿಗೆ ತುಂಬಿದೆವು. ಆಹಾ, ಏನು ಸ್ವಚ್ಛತೆ! ನೆರಳಿಲ್ಲದೆ ನೆಲ ಕಾಯುತ್ತದೆ, ಮೇಲೆ ಮೋಟಾದ ಹುಲ್ಲು ಕೆಳಗೆ ಬೇರನ್ನೂ ಮೊಟಕು ಮಾಡಿಕೊಳ್ಳುತ್ತದೆ, ತಿನ್ನಲು ಕೊಳೆತ ಎಲೆಯೊಂದೂ ಸಿಗದೆ ಮಣ್ಣೊಳಗಿನ ಜೀವಗಳು ಉಪವಾಸ ಬೀಳುತ್ತವೆ ಎಂಬುದು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನಮಗ್ಯಾರಿಗೂ ಹೊಳೆಯಲಿಲ್ಲ. ಊರಲ್ಲೊಂದು ಮನೆ ಕಟ್ಟಿಸಿದ ಕೂಡಲೇ ಮಣ್ಣು ಕೊಳೆಯಾಗಿ, ಹುಲ್ಲು ಕಸವಾಗಿ ಕಾಣತೊಡಗುವುದು ಯಾವ ರೋಗವೋ, ನೀವೇ ಹೇಳಿ.

ನನ್ನ ಹೆಂಡತಿ ಶಾರದಾ ಮದುವೆಯಾಗಿ ಬಂದಂದಿನಿಂದ ಒಂದು ವರ್ಷವೂ ತಪ್ಪಿಸದೆ ಎತ್ತು ಮಾಡಿದವಳು. ಈ ಮನೆಗೆ ಬಂದ ಮೇಲೆ ಉದ್ಯಾನದ ಮೂಲೆಯ ಎರೆಮಣ್ಣೇ ಆಗಬೇಕು. ನಾದುವ ಮೊದಲು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಎರೆಹುಳುಗಳನ್ನು ಆರಿಸಿ, ಬಟ್ಟಲಿಗೆ ಹಾಕಿ, “ಇವನ್ನ ಇದ್ದಲ್ಲೇ ಬಿಟ್ಟ ಬರ್ರಿ” ಎಂದು ನನ್ನನ್ನು ಅಟ್ಟುವಳು. ಈ ಸಲ ಸಲಿಕೆ ಹಾಕಿದರೆ ನೆಲ ಠಣ್ಣೆಂದಿತು. ಒಂದು ಬುಟ್ಟಿ ಹೆಂಟೆಯನ್ನು ಬೆವರಿಳಿಸಿಕೊಂಡು ತಂದುಕೊಟ್ಟೆ. ಶಾರದಾ ಒಂದೊಂದನ್ನೇ ಒಡೆದು ನೋಡಿದಳು.

“ಹುಳಾ ಎಲ್ಲಿ ಹೋದೂರೀ?”

ನಾನೂ ಒಂದು ಹೆಂಟೆ ಒಡೆದು ನೋಡಿದೆ.

“ಒಂದೂ ಇಲ್ಲಲ್ರೀ! ಉಸರಿಲ್ಲದ ಮಣ್ಣಾಗ ನಾ ಎತ್ತ ಮಾಡಂಗಿಲ್ಲ,” ಎಂದು ಕೈ ಝಾಡಿಸಿ ಎದ್ದುಬಿಟ್ಟಳು.

ಸ್ಕೂಟರ್ ಹತ್ತಿ ಹಲಗೇರಿಗೆ ಓಡಿದೆ. ಬೇಡವೆಂದು ನಾನೇ ಓಡಿಸಿದವಳ ಮುಂದೆ ಚೀಲ ಹಿಡಿದು ನಿಂತಾಗಿನ ನನ್ನ ಮೋರೆಯನ್ನು ನೀವು ನೋಡಬೇಕಿತ್ತು. ಗಂಗವ್ವ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಹೊಲದ ಬದುವಿನಿಂದ ಹಸಿ ಮಣ್ಣು ತುಂಬಿಕೊಟ್ಟು, “ಮಣ್ಣ ಒಯ್ರೀ ಸಾಹೇಬ್ರ. ಹುಲ್ಲರ ನಿಮ್ಮಲ್ಲೇ ಐತೆಲ್ಲ?” ಎಂದಳು. ಐತಿ ಎಂದು ಬಂದೆ.

ಆ ಮಣ್ಣಿನಲ್ಲಿ ಹುಳುಗಳಿದ್ದವು. ಎತ್ತುಗಳಾದವು, ಗೋದಲಿಯಾಯಿತು. “ಗೋದಲಿಗೆ ಪಾರ್ಕಿಂದ ಒಂದ ಹಿಡಿ ಹುಲ್ಲ ತರ್ರಿ,” ಎಂದಳು ಶಾರದಾ. ಹೋದೆ. ಅಷ್ಟಗಲದ ಉದ್ಯಾನದಲ್ಲಿ ಮೊಣಕಾಲೂರಿ ಹರಿದಾಡಿದರೂ ಉಗುರಿಗೆ ಸಿಗುವಷ್ಟು ಉದ್ದದ ಎಸಳೊಂದಿಲ್ಲ! ವಾಯುವಿಹಾರಕ್ಕೆ ಬಂದ ಶಿವಣ್ಣ, “ಏನ ಕಳದೈತ್ರೀ ಸರ?” ಎಂದು ಕೇಳಿದ. ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮೇಲೆ ಬಂದದ್ದು ಅದಕ್ಕೂ ಹೆಚ್ಚು.

ಬರಿಗೈಯಲ್ಲಿ ಬಂದವನಿಗೆ ಶಾರದಾ ಹಲಗೇರಿಯ ಹುಳುಗಳ ಬಟ್ಟಲು ಕೊಟ್ಟಳು. “ಇವನ್ನ ಪಾರ್ಕಿನ್ಯಾಗ ಬಿಡ್ರಿ. ಅಲ್ಲಿ ಹುಲ್ಲ ಗೋದಲಿಗೆ ಬೀಳೂತನಕ ಎತ್ತ ಏಳಂಗಿಲ್ಲ.”

ಮೂಲೆಯ ನೆಲ ಸಡಿಲಿಸಿ, ನೀರುಣಿಸಿ, ತರಗೆಲೆ ಹೊದಿಸಿ ಹುಳುಗಳನ್ನು ಬಿಟ್ಟೆ. ಯಂತ್ರದ ಕೋಣೆಯ ಕೀಲಿ ನನ್ನ ಜೇಬಿನಲ್ಲಿದೆ. ಶಿವಣ್ಣ ಮಾತು ಬಿಟ್ಟಿದ್ದಾನೆ. ಗಂಗವ್ವನಿಗೆ ಬರಲು ಹೇಳಿಕಳಿಸಿದರೆ, ನಾಲ್ಕು ಬೆರಳು ಬೆಳೆದ ಮೇಲೆ ಹೇಳ್ರಿ ಎಂದಳಂತೆ. ಇವತ್ತು ಬೆಳಿಗ್ಗೆ ಅಳೆದೆ: ಅರ್ಧ ಬೆರಳು. ಒಳಗೆ ಬಂದರೆ ಎತ್ತುಗಳೆರಡೂ ನನ್ನ ಕೈಯನ್ನೇ ನೋಡಿದವು.