ಗುಡಿಯ ಮುಂದೆ ನಿಧಾನಿಸದ ಕಾರು

ಮೊದಲಿಗೇ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಆದ್ದರಿಂದ ಒಂದು ವಾಕ್ಯ ಬರೆದರೆ ಅದನ್ನು ಎರಡು ಬಾರಿ ತಿದ್ದುವ ಅಭ್ಯಾಸ ನನಗಿದೆ. ಹಾಗೆ ತಿದ್ದುವಾಗ ಜೀವವುಳ್ಳ ಮಾತೇ ಕೆಲವೊಮ್ಮೆ ಕಳೆದುಹೋಗುತ್ತದೆ. ಯಂತ್ರಗಳ ವಿಷಯದಲ್ಲಂತೂ ನನ್ನ ತಿಳಿವಳಿಕೆ ಕಾರಿನ ಜೊತೆಗೆ ಬಂದ ಕೈಪಿಡಿಯನ್ನು ದಾಟಿದ್ದಲ್ಲ. ಹೇಳುವುದರಲ್ಲಿ ಹಿಂದುಮುಂದಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನನ್ನ ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲಾರಿ ಚಾಲಕರಾಗಿದ್ದವರು. ಶೇಂಗಾ ಮೂಟೆಗಳನ್ನು ಹೇರಿಕೊಂಡು ಅವರು ನೋಡದ ಊರಿಲ್ಲ. ಆದರೆ ಆ ಲಾರಿಯಲ್ಲಿ ಮನೆಯವರನ್ನು ಕೂರಿಸಿಕೊಳ್ಳಬಾರದೆಂಬುದು ಮಾಲೀಕರ ಕಟ್ಟುನಿಟ್ಟಿನ ಆಜ್ಞೆಯಾಗಿತ್ತು. ಹೀಗಾಗಿ ಮದುವೆಯಾದಂದಿನಿಂದ ಅವ್ವ ಒಮ್ಮೆಯೂ ಅಪ್ಪ ನಡೆಸುವ ವಾಹನದಲ್ಲಿ ಕೂತವಳಲ್ಲ. ತವರಾದ ದೇವಸಮುದ್ರಕ್ಕೆ ಹೋಗಬೇಕಾದರೂ ಬಸ್ಸೇ ಗತಿ. "ಊರಿನ ಶೇಂಗಾಕ್ಕೆಲ್ಲಾ ನಿಮ್ಮಪ್ಪನ ಪಕ್ಕದಲ್ಲಿ ಜಾಗ ಸಿಕ್ಕೈತೆ, ನನಗೊಬ್ಬಳಿಗೆ ಸಿಕ್ಕಿಲ್ಲ" ಎಂದು ಆಕೆ ನಗುತ್ತಲೇ ಹೇಳುತ್ತಿದ್ದಳು. ಆ ನಗುವಿನ ಅಡಿಯಲ್ಲಿ ನಿಜವಾದ ಆಸೆಯೊಂದಿದೆ ಎಂಬುದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಅಷ್ಟರಲ್ಲಿ ಅಪ್ಪನ ಎಡಮೊಣಕಾಲು ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು, ಬಲಗಾಲಿಗೇನೂ ತೊಂದರೆಯಿಲ್ಲ, ಆದರೆ ಎಡಗಾಲಿನಿಂದ ಕ್ಲಚ್ ತುಳಿಯುವ ಕೆಲಸ ಇನ್ನು ಬೇಡವೆಂದರು. ಅಪ್ಪ ಮನೆಯಲ್ಲಿ ಕೂತರು. ಅವರು ದೂರು ಹೇಳಿದವರಲ್ಲ. ಆದರೆ ಬೀದಿಯಲ್ಲಿ ಲಾರಿ ಹೋದರೆ ಅವರ ಎಡಗೈ ತಾನಾಗಿಯೇ ಗೇರು ಬದಲಿಸುವಂತೆ ಅಲುಗುತ್ತಿತ್ತು. ಅದನ್ನು ನೋಡಿಯೇ ನಾನು ಕ್ಲಚ್ಚಿಲ್ಲದ, ಆಟೋಮ್ಯಾಟಿಕ್ ಗೇರಿನ ಹಳೆಯ ಕಾರೊಂದನ್ನು ಕೊಂಡದ್ದು. ಅವ್ವನ ತಮ್ಮನ ಮಗಳ ಮದುವೆ ಹತ್ತಿರವಾಗಿತ್ತು; ಮೊಳಕಾಲ್ಮುರಿಗೆ ಹೋಗಿ ರೇಷ್ಮೆ ಸೀರೆ ಆರಿಸಬೇಕಿತ್ತು. ಆ ದಿನ ಅಪ್ಪ ಕಾರು ನಡೆಸಬೇಕು, ಅವ್ವ ಮುಂದಿನ ಸೀಟಿನಲ್ಲಿ ಕೂರಬೇಕು, ಇದು ನಮ್ಮ ಮೂವರ ನಿರ್ಧಾರ.

ಮೊದಲ ಪಾಠಕ್ಕೆ ದೊಡ್ಡಉಳ್ಳಾರ್ತಿಯ ಬಳಿಯ ಬಯಲು ಜಾಗಕ್ಕೆ ಹೋದೆವು. ಹಿಂದೆ ದನ ಮೇಯುತ್ತಿದ್ದ ಆ ಕಾವಲಿನ ಬಹುಭಾಗಕ್ಕೆ ಈಗ ಉದ್ದನೆಯ ಗೋಡೆ ಬಂದಿದೆ. ಗೋಡೆಯಿಂದೀಚೆ ಊರಿನ ಕಡೆಗೆ ಗಟ್ಟಿ ನೆಲ ಒಂದಿಷ್ಟು ಉಳಿದಿದೆ. ಅವ್ವ ಬುತ್ತಿ ಕಟ್ಟಿಕೊಂಡು ಬಂದು ಬೇವಿನ ನೆರಳಲ್ಲಿ ಕೂತಳು. ಅಪ್ಪ ಕಾರು ನೆಟ್ಟಗೆ ನಿಲ್ಲಿಸಲು ಕಲಿಯುವವರೆಗೆ ಒಳಗೆ ಕೂರುವುದಿಲ್ಲವೆಂದು ಹಟ ಹಿಡಿದು, ಅಲ್ಲಿಗೂ ಬಸ್ಸಿನಲ್ಲೇ ಬಂದಿದ್ದಳು.

ನಾನು ಕೈಪಿಡಿ ತೆರೆದು ಕ್ರಮವಾಗಿ ವಿವರಿಸಿದೆ. ಪಿ ಎಂದರೆ ನಿಲ್ಲಿಸಿ ಇಳಿಯುವಾಗ, ಆರ್ ಹಿಂದಕ್ಕೆ, ಎನ್ ನ್ಯೂಟ್ರಲ್, ಡಿ ಮುಂದಕ್ಕೆ. ಬ್ರೇಕ್ ತುಳಿಯದೆ ಲಿವರ್ ಸರಿಸಬಾರದು. ಕಾರು ಪೂರ್ತಿ ನಿಲ್ಲದೆ ಹಿಂದಿನ ಗೇರಿಗೆ ಹಾಕಬಾರದು. ಡಿಯಲ್ಲಿಟ್ಟು ಬ್ರೇಕ್ ಬಿಟ್ಟರೆ ಕಾರು ತಾನೇ ತೆವಳತೊಡಗುತ್ತದೆ.

"ಅಂದ್ರೆ ನಾನು ಹೇಳೋಕ್ ಮುಂಚೆನೇ ಹೊರಡ್ತೈತೆ" ಎಂದರು ಅಪ್ಪ. "ನಿಮ್ಮವ್ವನ ಥರ."

"ಕೇಳಿಸ್ತೈತ್ರೀ" ಎಂದಳು ಅವ್ವ ಬೇವಿನ ಬುಡದಿಂದ.

ಅಪ್ಪ ಹೊರಟರು. ಇಪ್ಪತ್ತು ಮಾರು ಚೆನ್ನಾಗಿಯೇ ಹೋಯಿತು. ಆಮೇಲೆ ಎಡಗಾಲು, ತನಗಿನ್ನೂ ನೌಕರಿ ಇದೆಯೆಂದು ತಿಳಿದು, ಕ್ಲಚ್ಚನ್ನು ಹುಡುಕಿಕೊಂಡು ಬಂದು ಬ್ರೇಕನ್ನು ಒದ್ದುಬಿಟ್ಟಿತು. ಸೀಟುಬೆಲ್ಟ್ ಇಲ್ಲದಿದ್ದರೆ ನನ್ನ ಹಣೆ ಗಾಜಿಗೆ ತಾಗುತ್ತಿತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಎಡಗಾಲನ್ನು ಈ ಕಡೆಯ, ಕಾಲಿಡುವ ಒರಗಿನ ಮೇಲಿಟ್ಟು ಮರೆತುಬಿಡಬೇಕಪ್ಪ. ಎರಡೂ ಪೆಡಲು ಬಲಗಾಲಿಗೇ ಸೇರಿದವು" ಎಂದೆ.

"ಆಯ್ತು. ಇವತ್ತಿಂದ ಎಡಗಾಲಿಗೆ ಪಿಂಚಣಿ."

ಪಿಂಚಣಿಯಾದ ಕಾಲು ಇನ್ನೂ ಎರಡು ಮೂರು ಸಲ ಕೆಲಸಕ್ಕೆ ಬಂದು ಹೋಯಿತು. ಸಂಜೆಯ ಹೊತ್ತಿಗೆ ಸುಮ್ಮನಾಯಿತು. ಇಳಿಜಾರು ಕಂಡರೆ ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ ಲಾರಿಯನ್ನು ಹರಿಯಬಿಡುವ ಹಳೆಯ ರೂಢಿ ಮಾತ್ರ ಬೇಗ ಹೋಗಲಿಲ್ಲ. ಹಾಗೆ ಬಿಟ್ಟರೆ ಇಂಜಿನ್ನಿನ ಹಿಡಿತ ತಪ್ಪಿ ಬ್ರೇಕಿನ ಮೇಲೆಯೇ ಭಾರ ಬೀಳುತ್ತದೆ, ಗೇರಿಗೂ ಒಳ್ಳೆಯದಲ್ಲ ಎಂದು ನಾನು ಹೇಳಿದಾಗಲೆಲ್ಲ ಅಪ್ಪ ಲಿವರಿನಿಂದ ಕೈ ತೆಗೆದು ಮೀಸೆಯ ಮೇಲಿಡುತ್ತಿದ್ದರು. ಕಾರು ನಿಲ್ಲಿಸಿದಾಗಲೂ ಅಷ್ಟೇ. ಪಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೂ ಇಳಿದು ಹೋಗಿ ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದರು. ಅದನ್ನು ತಪ್ಪೆನ್ನುವ ವಾಕ್ಯ ಕೈಪಿಡಿಯಲ್ಲಿ ಸಿಗಲಿಲ್ಲವಾದ್ದರಿಂದ ನಾನು ಬಿಟ್ಟುಬಿಟ್ಟೆ. ಹೊರಡುವಾಗ ಕಲ್ಲು ತೆಗೆಯುವ ಹೊಣೆ ನನ್ನದಾಯಿತು.

"ಮೊದ್ಲು ನೀವಿಬ್ರೂ ದೇವಸಮುದ್ರಕ್ಕೆ ಹೋಗಿ ಬರ್ರಿ. ನೆಟ್ಟಗೆ ಬಂದ್ರೆ, ಆಮೇಲೆ ನಾನು ಹತ್ತೀನಿ" ಎಂದು ಅವ್ವ ಷರತ್ತು ಹಾಕಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಹೊರಟೆವು. ಚಳ್ಳಕೆರೆ ದಾಟಿದ ಮೇಲೆ ಬಳ್ಳಾರಿಯ ಕಡೆಗೆ ಹೋಗುವ ರಸ್ತೆ ದಾರ ಹಿಡಿದು ಎಳೆದಂತೆ ನೇರ. ವಾಹನಗಳು ವಿರಳವಾಗಿದ್ದವು. ಸ್ಟೇರಿಂಗಿನ ಮೇಲಿದ್ದ ಕ್ರೂಸ್ ಕಂಟ್ರೋಲಿನ ಗುಂಡಿಯ ಬಗ್ಗೆ ಅಪ್ಪನಿಗೆ ಮೊದಲಿನಿಂದಲೂ ಕುತೂಹಲ. ಒಂದು ವೇಗಕ್ಕೆ ಗೊತ್ತುಮಾಡಿದರೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಸಾಗುತ್ತದೆ. ಬ್ರೇಕ್ ಮುಟ್ಟಿದರೆ ಆ ಏರ್ಪಾಡು ಕಳಚಿಕೊಳ್ಳುತ್ತದೆ. ಮಳೆಯಲ್ಲಿ, ತಿರುವುಗಳಲ್ಲಿ, ಸಂದಣಿಯಲ್ಲಿ ಬಳಸಬಾರದು. ಇದಿಷ್ಟನ್ನೂ ನಾನು ಒಪ್ಪಿಸಿದೆ. ಅಪ್ಪ ಅರವತ್ತಕ್ಕೆ ಗೊತ್ತುಮಾಡಿ, ಕಾಲನ್ನು ಆರಾಮಾಗಿಟ್ಟುಕೊಂಡು, "ಮೊದ್ಲೇ ಇಂಥ ಗಾಡಿ ಇದ್ದಿದ್ರೆ ನನ್ನ ಮೊಣಕಾಲು ಇನ್ನೂ ಹುಡುಗನಾಗೇ ಇರ್ತಿತ್ತು" ಎಂದರು.

ನನಗೆ ಹೊಳೆಯದಿದ್ದ ಸಂಗತಿ ಒಂದಿತ್ತು. ಆ ದಾರಿಯಲ್ಲಿ, ಬೇವಿನ ಮರದ ಕಟ್ಟೆಯ ಮೇಲೆ ಒಂದು ಚಿಕ್ಕ ಗುಡಿಯಿದೆ. ನಮ್ಮ ಕಡೆಯ ಲಾರಿಯವರು ಅದರ ಮುಂದೆ ರಭಸದಿಂದ ಹೋಗುವುದಿಲ್ಲ. ಗುಡಿ ಬಂದಾಗ ಆಕ್ಸಿಲರೇಟರಿನಿಂದ ಕಾಲೆತ್ತುತ್ತಾರೆ; ಲಾರಿಯ ಸದ್ದು ತಗ್ಗುತ್ತದೆ, ವೇಗ ಇಳಿಯುತ್ತದೆ; ಒಂದು ಕೈಯನ್ನು ಎದೆಗೆ ಮುಟ್ಟಿಸಿ ಮುಂದೆ ಹೋಗುತ್ತಾರೆ. ಗಾಡಿಯೇ ತಲೆಬಾಗಿದಂತೆ ಎನ್ನುವುದು ಅವರ ಮಾತು. ಅಪ್ಪ ಜೀವಮಾನವೆಲ್ಲ ಪಾಲಿಸಿದ ಮರ್ಯಾದೆ ಅದು.

ಅಂದೂ ಗುಡಿ ಕಂಡಿತು. ಅಪ್ಪ ರೂಢಿಯಂತೆ ಕಾಲೆತ್ತಿದರು. ಕಾಲು ಮೊದಲೇ ಎತ್ತಿಯೇ ಇತ್ತು. ಕೈಯನ್ನು ಎದೆಗೆ ಮುಟ್ಟಿಸಿದರು. ಕಾರು ತಲೆಬಾಗಲಿಲ್ಲ. ಅದೇ ಅರವತ್ತರಲ್ಲಿ ಗುಡಿಯನ್ನು ಹಿಂದೆ ಹಾಕಿ ಮುಂದಕ್ಕೆ ನಡೆಯಿತು. ಅತ್ತ ದೂರದಲ್ಲಿ ಕುರಿಹಿಂಡೊಂದು ರಸ್ತೆಗೆ ಇಳಿಯುತ್ತಿತ್ತು.

"ನಿಲ್ತಿಲ್ಲಲ್ಲೇ ಇದು!"

"ಬ್ರೇಕ್ ಅಪ್ಪ."

ಬಲಗಾಲು ಬ್ರೇಕಿಗೆ ಬಂತು. ಗಾಬರಿಗೆ ಪಿಂಚಣಿಯ ಕಾಲೂ ಜೊತೆಗೆ ಬಂತು. ಕಾರು ಅದುರಿ ನಿಂತಾಗ ನಮಗೂ ಕುರಿಗಳಿಗೂ ನಡುವೆ ಒಂದು ಕಣ ಮಾಡಿ ರಾಗಿ ಬಡಿಯುವಷ್ಟು ಜಾಗವಿತ್ತು. ಕುರಿ ಕಾಯುವವನು ಕಂಬಳಿ ಸರಿಪಡಿಸಿಕೊಂಡು ನಿಧಾನವಾಗಿ ನಮ್ಮತ್ತ ಬಂದ.

"ಏನ್ ಯಜಮಾನ್ರೇ, ಅಷ್ಟು ದೂರ ನಿಂತ್ಬಿಟ್ರಿ. ನನ್ ಕುರಿ ಒದೆಯೋದಿಲ್ರೀ."

ಅಪ್ಪ ನಗಲಿಲ್ಲ. ಹಿಂಡು ದಾಟಿದ ಮೇಲೆ ಕಾರನ್ನು ರಸ್ತೆಯ ಅಂಚಿಗೆ ತಂದು, ಪಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದರು. ಗಾಲಿಗೆ ಕಲ್ಲು ಕೊಟ್ಟರು. ಆಮೇಲೆ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

"ಕಾಲೆತ್ತಿದ್ರೆ ತಗ್ಗದ ಗಾಡಿ ನನಗೆ ಬೇಡ ಕಣಮ್ಮ. ದೇವರ ಮುಂದೇನೇ ಬಗ್ಗದ್ದು, ನನ್ನ ಮಾತು ಕೇಳ್ತೈತಾ? ನಿಮ್ಮವ್ವನ್ನ ನೀನೇ ಕರ್ಕೊಂಡು ಹೋಗು."

ನನಗೆ ಹೇಳಲು ವಾಕ್ಯಗಳು ಬಹಳವಿದ್ದವು. ಎಲ್ಲವೂ ಕೈಪಿಡಿಯ ವಾಕ್ಯಗಳು. ಕಲ್ಲು ತೆಗೆದು, ಚಾಲಕನ ಸೀಟಿನಲ್ಲಿ ಕೂತೆ.

ದೇವಸಮುದ್ರದಲ್ಲಿ ಹಿಂದಿನ ದಿನ ಮಳೆಯಾಗಿತ್ತು. ಅವ್ವನ ತಮ್ಮ, ಎಂದರೆ ನನ್ನ ಸೋದರಮಾವ, ಊರಾಚೆಯ ಹೊಲದಲ್ಲಿ ಕುರಿಹಟ್ಟಿ ಹಾಕಿಕೊಂಡಿದ್ದಾನೆ. ಅಲ್ಲಿಗೆ ಹೋಗುವ ದಾರಿ ಎರೆಮಣ್ಣಿನದು. ಒಣಗಿದರೆ ಕಲ್ಲು, ನೆನೆದರೆ ಹಿಟ್ಟು. ಹಟ್ಟಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಕಾರು ಹೂತುಕೊಂಡಿತು. ನಾನು ತುಳಿದಷ್ಟೂ ಇಂಜಿನ್ ಸೊರಗುತ್ತಿತ್ತು. ಜಾರುವ ಕಾರಿನ ಹಳದಿ ಚಿತ್ರ ಎದುರಿನ ಫಲಕದಲ್ಲಿ ಮಿನುಗುತ್ತಿತ್ತು.

"ಇಂಜಿನ್ನಿಗೆ ಉಸಿರಿಲ್ಲಲ್ಲ. ಕೆಟ್ಟೋಯ್ತೇನು?" ಎಂದು ಅಪ್ಪ ಕೇಳಿದರು.

"ಕೆಟ್ಟಿಲ್ಲಪ್ಪ. ಗಾಲಿ ಜಾರಿದರೆ ಕಾರೇ ಇಂಜಿನ್ನಿನ ಬಲ ತಗ್ಗಿಸುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್. ಒದ್ದೆ ರಸ್ತೆಯಲ್ಲಿ ಅದೇ ನಮ್ಮನ್ನು ಕಾಯುವುದು. ಹೀಗೆ ಹೂತಾಗ ಮಾತ್ರ ಸ್ವಲ್ಪ ಹೊತ್ತು ಆರಿಸಿ, ಮೇಲೆ ಬಂದ ಕೂಡಲೇ ಮತ್ತೆ ಹಾಕಬೇಕು."

ಗುಂಡಿ ಒತ್ತಿ ಅದನ್ನು ಆರಿಸಿದೆ. ಈಗ ಇಂಜಿನ್ನಿಗೆ ಉಸಿರು ಬಂತು. ನಾನು ಜೋರಾಗಿ ತುಳಿದದ್ದರಿಂದ ಉಸಿರು ಬಹಳವೇ ಬಂತು. ಗಾಲಿಗಳು ಗರಗರ ತಿರುಗಿ, ಆಗಷ್ಟೇ ಹಟ್ಟಿಯಿಂದ ಓಡಿಬಂದ ಮಾವನ ಬಿಳಿಯ ಪಂಚೆಗೆ ಎರೆಮಣ್ಣಿನ ಅಂಚು ಕಟ್ಟಿದವು.

"ಮದುವೆಗೆ ಉಡೋಣ ಅಂತ ಒಗೆಸಿದ್ದೆನಲ್ಲೇ ತಾಯಿ" ಎಂದ ಮಾವ.

ಅವನೇ ಗೋಣಿಚೀಲಗಳನ್ನೂ ಒಂದು ತೆಕ್ಕೆ ಒಣ ಶೇಂಗಾಬಳ್ಳಿಯನ್ನೂ ತಂದ. ಮೂವರೂ ಸೇರಿ ಅವನ್ನು ಮುಂದಿನ ಗಾಲಿಗಳ ಕೆಳಗೆ ತುರುಕಿದೆವು. "ನನ್ ಕುರಿ ಮೇವು ನಿಮ್ ಕಾರು ತಿಂತೈತೆ" ಎಂದು ಮಾವ ಗೊಣಗುತ್ತಲೇ ಇದ್ದ. ನಾನು ಕೈ ಒರೆಸಿಕೊಂಡು ಬೀಗದ ಕೈಯನ್ನು ಅಪ್ಪನತ್ತ ಚಾಚಿದೆ.

"ಗುಂಡಿಯ ವಿಷಯ ನನಗೆ ಗೊತ್ತು. ಕಾಲಿನ ವಿಷಯ ನನಗೆ ಬರುವುದಿಲ್ಲ, ಅಪ್ಪ."

ಅಪ್ಪ ಕೈ ಚಾಚಲಿಲ್ಲ. ಮಾವ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ.

"ಏನ್ ಭಾವ, ಲಾರಿನೇ ಕೆಸರಿಂದ ಎತ್ತಿದೋರು ಈ ಡಬ್ಬಿಗೆ ಹೆದರ್ತೀರಾ? ಹಂಗಾದ್ರೆ ಹೇಳ್ರಿ, ಟಗರು ಕಟ್ಟಿ ಎಳೆಸ್ತೀನಿ."

ಅಪ್ಪ ಬೀಗದ ಕೈಯನ್ನು ಕಸಿದುಕೊಂಡು ಹತ್ತಿದರು. ಎಡಗಾಲನ್ನು ಒರಗಿನ ಮೇಲೆ ಗಟ್ಟಿಯಾಗಿ ಊರಿದರು. ಬಲಗಾಲಿನ ಹೆಬ್ಬೆರಳಿನಿಂದ, ಮಲಗಿದ ಮಗುವಿನ ಕೆನ್ನೆ ಮುಟ್ಟುವಷ್ಟು ಹಗುರವಾಗಿ, ಆಕ್ಸಿಲರೇಟರನ್ನು ಒತ್ತಿದರು. ಕಾರು ಒಮ್ಮೆ ಹಿಂದಕ್ಕೆ ಓಲಾಡಿ, ಶೇಂಗಾಬಳ್ಳಿಯನ್ನು ಕಚ್ಚಿ, ಗಟ್ಟಿ ನೆಲಕ್ಕೆ ಏರಿತು. ನಾನು ಓಡಿಹೋಗಿ ಬಾಗಿಲು ತೆರೆಯುವಷ್ಟರಲ್ಲಿ ಅಪ್ಪ ಫಲಕವನ್ನು ನೋಡುತ್ತಿದ್ದರು.

"ಈ ಹಳದಿ ದೀಪ ಇನ್ನೂ ಉರೀತೈತೆ. ಅದನ್ನ ಮತ್ತೆ ಹಾಕ್ಬೇಕು ಅಂದ್ಯಲ್ಲ, ಯಾವ ಗುಂಡಿ?"

ತೋರಿಸಿದೆ. ಅಪ್ಪ ಒತ್ತಿದರು, ದೀಪ ಆರಿತು. ಊಟ ಮುಗಿಸಿ ಹಿಂದಿರುಗುವಾಗ ನಾನು ಕೇಳದೆಯೇ ಅವರೇ ಚಾಲಕನ ಸೀಟಿನಲ್ಲಿ ಕೂತರು. ಆದರೆ ಕ್ರೂಸಿನ ಗುಂಡಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಗುಡಿಯ ಮುಂದೆ ಕಾಲೆತ್ತಿ ನಿಧಾನವಾಗಿ ಸಾಗಿದರೂ ಮುಖ ಬಿಗಿಯಾಗಿಯೇ ಇತ್ತು.

ಮನೆಯಲ್ಲಿ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಕೊತ್ತಂಬರಿ ಬಿಡಿಸುತ್ತಾ, "ಬ್ರೇಕ್ ಮುಟ್ಟಿದ್ರೆ ಅದು ಬಿಟ್ಟೋಗ್ತೈತೆ ಅಂದೆಯಲ್ಲಾ?" ಎಂದು ನನ್ನನ್ನು ಕೇಳಿದಳು.

"ಹೌದು. ಸ್ವಲ್ಪ ಮುಟ್ಟಿದರೆ ಸಾಕು."

"ಮತ್ತೇನ್ರೀ? ಮೊದ್ಲು ಕಾಲೆತ್ತಿದ್ರೆ ಬಗ್ಗೋದು, ಈಗ ಕಾಲು ಮುಟ್ಟಿಸಿದ್ರೆ ಬಗ್ತೈತೆ. ಗುಡಿ ಬರೋಕ್ ಮುಂಚೆ ಬ್ರೇಕ್ ಮುಟ್ರಿ."

ಅಪ್ಪ ಹುಬ್ಬು ಗಂಟಿಕ್ಕಿದರು. "ಕಾಲಲ್ಲಿ ನಮಸ್ಕಾರ ಮಾಡ್ತಾರೇನೇ?"

"ಇಷ್ಟು ವರ್ಷ ಏನು ತಲೇಲಿ ತುಳೀತಿದ್ರಾ ಎಕ್ಸಲೇಟರ್ನ?"

ಅಪ್ಪ ಮೀಸೆಯ ಮೇಲೆ ಕೈಯಿಟ್ಟು, "ಎದೆ ಮುಟ್ಕೋಳೋದು?" ಎಂದರು, ವಾದವಿನ್ನೂ ಮುಗಿದಿಲ್ಲವೆಂಬಂತೆ.

"ಅದನ್ನ ನಾನು ಮಾಡ್ತೀನಿ. ನಿಮ್ಮ ಎರಡೂ ಕೈ ಸ್ಟೇರಿಂಗ್ ಮೇಲಿರ್ಲಿ. ನಾನೇನು ಸುಮ್ನೆ ಕೂರೋಕ್ ಬರ್ತೀನಾ?"

ಆಕೆ ಕೂರಲು ಒಪ್ಪಿದಳೆಂಬುದು ನಮಗೆ ತಿಳಿದದ್ದು ಹಾಗೆ.

ಸೀರೆ ತರುವ ದಿನ ಅವ್ವ ಮಲ್ಲಿಗೆ ಮುಡಿದು, ಮುಂದಿನ ಸೀಟಿನಲ್ಲಿ ಕೂತು, ಬೆಲ್ಟ್ ಹಾಕುವಾಗ ಸೆರಗು ಸಿಕ್ಕಿಹಾಕಿಕೊಂಡಿತೆಂದು ಎರಡು ಸಲ ಬಿಚ್ಚಿ ಹಾಕಿದಳು. ಖುಷಿಯಾದರೆ ಆಕೆಯ ಬಾಯಲ್ಲಿ ಗಡಿಸೀಮೆಯ ತೆಲುಗು ಬರುತ್ತದೆ. "ಪದಂಡಿ, ನಡೀರಿ, ಹೊತ್ತಾಯ್ತು" ಎಂದಳು. ನಾನು ಗಾಲಿಯ ಕಲ್ಲು ತೆಗೆದು ಹಿಂದೆ ಕೂತೆ.

ನೇರ ರಸ್ತೆ ಸಿಕ್ಕಿತು. ಅಪ್ಪ ಹಿಂದೆ ಮುಂದೆ ನೋಡಿ, ರಸ್ತೆ ಬರಿದಾಗಿದೆಯೆಂದು ಖಚಿತಪಡಿಸಿಕೊಂಡು, ತಾವಾಗಿಯೇ ಕ್ರೂಸಿನ ಗುಂಡಿ ಒತ್ತಿದರು. ನಾನು ಕೈಪಿಡಿಯನ್ನು ಚೀಲದಿಂದ ತೆಗೆಯಲಿಲ್ಲ. ಬೇವಿನ ಮರ ದೂರದಲ್ಲಿ ಕಂಡಾಗ ಅವರ ಬಲಗಾಲು ಬ್ರೇಕಿನ ಮೇಲೆ ಹಗುರವಾಗಿ ಕೂತಿತು. ಗುಂಡಿಯ ದೀಪ ಆರಿತು, ಇಂಜಿನ್ನಿನ ಸದ್ದು ತಗ್ಗಿತು, ಕಾರು ನಿಧಾನಿಸಿತು. ಅವ್ವ ಇಬ್ಬರ ಪಾಲಿನದನ್ನೂ ಸೇರಿಸಿ ಕೈಮುಗಿದಳು.

"ಬಗ್ಗಿತು" ಎಂದರು ಅಪ್ಪ.

"ಬಗ್ಗದೆ ಏನ್ ಮಾಡೀತು" ಎಂದಳು ಅವ್ವ.

ಮೊಳಕಾಲ್ಮುರಿನ ಮಗ್ಗದ ಮನೆಯಲ್ಲಿ ಮದುಮಗಳಿಗೆ ಕೆಂಪು ಸೀರೆ ಆಯಿತು. ಅವ್ವ ತನಗೂ ಒಂದು ಹಸಿರು ಸೀರೆ ಆರಿಸಿಕೊಂಡು, ಹಿಂದಿರುಗುವಾಗ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಪಂಚೆಯ ಕಲೆ ಹೋಗದ ಕಾರಣ ಮಾವನಿಗೂ ಒಂದು ಹೊಸ ಪಂಚೆ ಕೊಂಡೆವು.

ಈಗ ನಮ್ಮ ಮನೆಯ ಕಾರನ್ನು ನಡೆಸುವವರು ಅಪ್ಪನೇ. ಬೆಳಿಗ್ಗೆ ನನ್ನನ್ನು ಕೆಲಸಕ್ಕೆ ಬಿಟ್ಟು ಸಂಜೆ ಕರೆದುಕೊಂಡು ಬರುತ್ತಾರೆ. ಲಾರಿ ಹೋದಾಗ ಅವರ ಎಡಗೈ ಅಲುಗುವುದು ನಿಂತಿದೆ. ಅವ್ವ ತವರಿಗೆ ಬಸ್ಸಿನಲ್ಲಿ ಹೋಗುವುದಿಲ್ಲ; ಮುಂದಿನ ಸೀಟು ಆಕೆಯದು, ಹಿಂದಿನದು ನನ್ನದು. ಮಳೆ ಬಂದ ಮರುದಿನ ಮಾವನ ಹಟ್ಟಿಗೆ ಕಾರು ಒಯ್ಯುವುದಿಲ್ಲ, ಡಾಂಬರು ಮುಗಿಯುವಲ್ಲೇ ನಿಲ್ಲಿಸಿ ನಡೆದು ಹೋಗುತ್ತೇವೆ. ಗಾಲಿಯ ಕಲ್ಲು ತೆಗೆಯುವ ಕೆಲಸ ಇಂದಿಗೂ ನನ್ನದೇ.