ಕೋಟೆಯ ಬಾಗಿಲು ತೆಗೆದವನು

ಮೊನ್ನೆ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಗೋವಿನಜೋಳದ ತೆನೆ ಸುಡುತ್ತಿದ್ದರು. ಆ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಟಿಬೆಟ್ಟಿನ ಪಡುವಣ ಮೂಲೆಯ ಒಂದು ಬೌದ್ಧ ರಾಜ್ಯದ ಪತನ ನೆನಪಾಗುತ್ತದೆ. ವೈದ್ಯರಿಗೆ ತೋರಿಸುವಂಥ ತೊಂದರೆಯೇನಲ್ಲ, ಆದರೆ ಬಸ್ಸು ತಪ್ಪುತ್ತದೆ. ಮೊನ್ನೆಯೂ ದಾಂಡೇಲಿಯ ಬಸ್ಸು ತಪ್ಪಿತು.

ಆ ರಾಜ್ಯದ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ನಾನೂ ಸರಿಯಾಗಿ ಕೇಳಿಸಿಕೊಂಡಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದು ಐದು ರೀತಿಯಲ್ಲಿದೆ; ಐದನ್ನೂ ಓದಿ ಹೇಳಿದಾಗ, ಅದರ ಕಥೆ ಹೇಳಿದ ನೋರ್ಬಜ್ಜ, "ಐದೂ ತಪ್ಪ ಅದಾವ್ರಿ" ಎಂದಿದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಂಡಗೋಡದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಇತಿಹಾಸದ ಮಾಸ್ತರಿಗೆ ತಾನೇ ಇತಿಹಾಸಕಾರನೆಂಬ ಭ್ರಮೆ ಒಂದೆರಡು ವರ್ಷ ಇರುತ್ತದೆ. ನನಗೆ ಸ್ವಲ್ಪ ಹೆಚ್ಚು ದಿನ ಇತ್ತು. ರವಿವಾರ ಸೈಕಲ್ ಹತ್ತಿ ಟಿಬೆಟನ್ ಕಾಲೊನಿಯ ಕಡೆ ಹೋಗುತ್ತಿದ್ದೆ. ಅಲ್ಲಿ ಗೋವಿನಜೋಳದ ಹೊಲದ ಬದುವಿನಲ್ಲಿ ಕೂತಿದ್ದ ಮುದುಕನೊಬ್ಬ ಒಮ್ಮೆ ತಾನಾಗಿಯೇ ಕರೆದು ಮಾತನಾಡಿಸಿದ. ಹೆಸರು ನೋರ್ಬು, ಸುತ್ತಲಿನ ಕನ್ನಡದವರು ನೋರ್ಬಜ್ಜ ಅನ್ನುತ್ತಿದ್ದರು.

"ಸಾಲ್ಯಾಗ ಏನ್ ಕಲಸ್ತೀರಿ ಮಾಸ್ತರ?"

"ಇತಿಹಾಸ."

"ಯಾರದು?"

ಕದಂಬರಿಂದ ಹಿಡಿದು ಮರಾಠರವರೆಗೆ ಹೇಳಿದೆ. ಮುದುಕ ತಾಳ್ಮೆಯಿಂದ ಕೇಳಿ, "ನಮ್ಮದಿಲ್ಲ ಅಂದಂಗಾತು. ಬರಕೋರಿ" ಎಂದ.

ಹಾಗೆ ಶುರುವಾಯಿತು. ನಮ್ಮಲ್ಲಿ ಹೊಯ್ಸಳರು ಗುಡಿ ಕಟ್ಟಿಸುತ್ತಿದ್ದ ಕಾಲಕ್ಕೆ ಅಲ್ಲೊಂದು ಮಣ್ಣಿನ ಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡು ಮೂವರು ಅರಸರು ಆಳಿದರಂತೆ, ಮೂವರೇ. ಮೊದಲನೆಯವನು ವಿಹಾರ ಕಟ್ಟಿಸಿದ. ಎರಡನೆಯವನು ಅದರ ಗೋಡೆಗೆ ಚಿತ್ರ ಬರೆಸಿದ. ಮೂರನೆಯವನು ಆ ಚಿತ್ರದ ಬಣ್ಣ ಪೂರ್ತಿ ಒಣಗುವ ಮೊದಲೇ ರಾಜ್ಯ ಕಳೆದುಕೊಂಡ.

ನೋರ್ಬಜ್ಜ ಕನ್ನಡ ಕಲಿತದ್ದು ತನ್ನ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದ ಗಂಗವ್ವನಿಂದ. ಕಾಡಂಚಿನಲ್ಲಿದ್ದ, ಆಫ್ರಿಕಾ ಮೂಲದ ಸಿದ್ದಿಯರ ಹಾಡಿಯಿಂದ ನಡೆದು ಬರುತ್ತಿದ್ದ, ನನ್ನದೇ ವಯಸ್ಸಿನ ಹೆಣ್ಣುಮಗಳು ಆಕೆ. ಹೀಗಾಗಿ ಹಿಮದ ನಾಡಿನ ಆ ಮಹಾರಾಜರೆಲ್ಲ ಮುಂಡಗೋಡದ ಸೀಮೆಯ ಕನ್ನಡವನ್ನೇ ಆಡುತ್ತಿದ್ದರು. "ಏನಪಾ, ಕ್ವಾಟಿ ಬಾಗಲಾ ಹಾಕೀಯಿಲ್ಲೋ?" ಎಂದು ಅರಸ ಕೇಳಿದರೆ, "ಹಾಕೇನ್ರೀ ಎಪ್ಪಾ" ಎಂದು ಮಂತ್ರಿ ಕೈಮುಗಿಯುತ್ತಿದ್ದ. ನಾನು ಅದನ್ನೆಲ್ಲ ಗ್ರಾಂಥಿಕಕ್ಕೆ ತಿದ್ದಿ ಕೆಡಿಸುತ್ತಿದ್ದೆ.

ಕೊನೆಯ ಕಾಳಗವನ್ನು ಮುದುಕ ಒಂದೇ ಮಾತಿನಲ್ಲಿ ಮುಗಿಸಿದ್ದ: ವೈರಿಗಳು ಬಂದರು, ಅರಸ ಬಾಗಿಲಲ್ಲಿ ಹೋರಾಡಿ ಸತ್ತ. ನಾನು ಅದನ್ನು ಎರಡು ಪುಟಕ್ಕೆ ಹಿಗ್ಗಿಸಿದೆ. ಆನೆಗಳನ್ನೂ ತಂದೆ. ಅಷ್ಟು ಎತ್ತರದ ಹಿಮಕ್ಕೆ ಆನೆ ಹತ್ತುವುದಿಲ್ಲವೆಂದು ಹೊಳೆಯಲೇ ಇಲ್ಲ. ಚೊಕ್ಕ ಪ್ರತಿ ಮಾಡಿ, ಒಂದು ರವಿವಾರ ಹೊಲದಲ್ಲೇ ಗಟ್ಟಿಯಾಗಿ ಓದಿದೆ. ಗಂಗವ್ವ ಪಕ್ಕದಲ್ಲಿ ತೆನೆ ಸುಲಿಯುತ್ತಿದ್ದಳು. ಅರಸ ಸತ್ತ ಮೇಲೆ ತಲೆ ಎತ್ತಿದಳು.

"ಅಜ್ಜಾ, ಬಾಗಲಾ ತಗದಾಂವಂದು ಮಾಸ್ತರಗ ಹೇಳೇ ಇಲ್ಲೇನು?"

ಮುದುಕ ಕೈಯಲ್ಲಿದ್ದ ಜಪಮಾಲೆಯನ್ನು ಮಡಿಲಲ್ಲಿಟ್ಟ. ಆಮೇಲೆ ಹೇಳಿದ.

ಕೋಟೆಯ ಬಾಗಿಲು ಕಾಯುತ್ತಿದ್ದವನು ಅವನ ವಂಶದ ಮೂಲಪುರುಷ. ವೈರಿಗಳು ಚಳಿಗಾಲವಿಡೀ ಸುತ್ತ ಬೀಡುಬಿಟ್ಟಿದ್ದರು. ಒಳಗೆ ಕಾಳು ಮುಗಿದಿತ್ತು. ಮೊದಲು ಮಕ್ಕಳು ಸಾಯತೊಡಗಿದರು. ಶರಣಾಗಲು ಅರಸ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಕಾವಲುಗಾರ ಬಾಗಿಲು ತೆಗೆದುಬಿಟ್ಟ. ಆ ದಿನ ಅರಸನೂ ಸಾಯಲಿಲ್ಲ, ಯಾರೂ ಸಾಯಲಿಲ್ಲ. ಆದರೆ ರಾಜ್ಯ ಹೋಯಿತು, ವಿಹಾರ ಸುಟ್ಟಿತು. ಬಾಗಿಲು ತೆಗೆದವನ ಮನೆಗೆ ಎಷ್ಟೋ ತಲೆಮಾರು ಊರಿನವರು ಹೆಣ್ಣು ಕೊಡಲಿಲ್ಲ.

"ನನಗ್ಯಾಕ ಹೇಳಲಿಲ್ಲ?" ಎಂದೆ. ಧ್ವನಿಯಲ್ಲಿ ಸಿಟ್ಟಿತ್ತು. ನನ್ನ ಎರಡು ಪುಟ ಹಾಳಾಗುತ್ತಿತ್ತಲ್ಲ.

"ನೀವು ಬರಿಯಾವ್ರು. ಬರದದ್ದು ಹೋಗೂದಿಲ್ಲ. ಗಂಗವ್ವಗ ಹೇಳಿದೆ. ಅಕಿ ಮಂದೀನ್ನ ಸಮುದ್ರ ದಾಟಿಸಿ ತಂದರಂತ, ಯಾವ ರಾಜ್ಯದಿಂದ ಅಂಬೂದು ಅಕಿಗೇ ಗೊತ್ತಿಲ್ಲ. ಅಕಿ ನಗೂದಿಲ್ಲ ಅನಸ್ತು." ಮತ್ತೆ ಅಂದ: "ಈಗ ಹೊರಗ ಬಂತಲ್ಲ, ಹೊರಗನ ಇರ್ಲಿ. ಬರೀರಿ."

ನಾನು ಬರೆಯಲಿಲ್ಲ. ಮುದುಕನ ಮಾನ ಉಳಿಸುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ಉಳಿಸಿದ್ದು ಆನೆಗಳನ್ನು. ಧಾರವಾಡದ ಒಂದು ಸಣ್ಣ ಪತ್ರಿಕೆ ಲೇಖನ ಅಚ್ಚು ಹಾಕಿತು. ಪ್ರತಿ ತೆಗೆದುಕೊಂಡು ಹೋದೆ. ಕನ್ನಡ ಓದಲು ಬಾರದ ನೋರ್ಬಜ್ಜ ಪುಟಗಳನ್ನು ನಿಧಾನ ತಿರುವಿ, ಒಂದೇ ಪ್ರಶ್ನೆ ಕೇಳಿದ.

"ಬಾಗಲಾ ತಗದಾಂವ ಅದಾನೇನ್ರಿ ಇದರಾಗ?"

"ಅದಾನ" ಎಂದೆ.

ಮುದುಕ ಪತ್ರಿಕೆಯನ್ನು ಹಣೆಗೆ ಮುಟ್ಟಿಸಿಕೊಂಡು, ಒಳಗೆ ಬುದ್ಧನ ಮುಂದಿಟ್ಟು ಬೆಣ್ಣೆಯ ದೀಪ ಹಚ್ಚಿದ. ಗಂಗವ್ವನಿಗೂ ಓದಲು ಬರುತ್ತಿರಲಿಲ್ಲ. ಆದರೂ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನಾನು ಆ ಕಡೆ ಹೋಗುವುದನ್ನು ಕಡಿಮೆ ಮಾಡಿದೆ. ಎರಡು ವರ್ಷಕ್ಕೆ ಮುದುಕ ತೀರಿಕೊಂಡ ಸುದ್ದಿ ಬಂತು. ಆಗ ನನಗೆ ಜೋಯಿಡಾಕ್ಕೆ ವರ್ಗವಾಗಿತ್ತು.

ಮೊನ್ನೆ ದಾಂಡೇಲಿಯ ಬಸ್ಸು ತಪ್ಪಿದ ಮೇಲೆ ಮುಂಡಗೋಡದ ಬಸ್ಸು ಹತ್ತಿದೆ. ಗಂಗವ್ವ ಸಿಕ್ಕಳು, ತಲೆಯೆಲ್ಲ ಬೆಳ್ಳಗಾಗಿದೆ, ಕಿವಿ ಚೆನ್ನಾಗಿದೆ. ನಾನು ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡೆ.

"ಅವತ್ತ ಗೊತ್ತಾಗಿತ್ತ್ರೀ," ಅಂದಳು. "ಅಜ್ಜಗೂ ಗೊತ್ತಾಗಿತ್ತು. ಮಾಸ್ತರಗ ಬ್ಯಾಸರ ಆಗಬಾರದು ಅಂತ ದೀಪಾ ಹಚ್ಚಿದ್ನಂತ."

ಈಗಾದರೂ ಬರೆಯುತ್ತೇನೆ ಎಂದೆ. ಮೂವರು ಅರಸರ ಹೆಸರೂ ನನ್ನ ಹತ್ತಿರವಿತ್ತು. ಬಾಗಿಲು ತೆಗೆದವನ ಹೆಸರನ್ನು ಮಾತ್ರ ನಾನು ಅಂದು ಕೇಳಿರಲೇ ಇಲ್ಲ. ಗಂಗವ್ವ ಯೋಚಿಸಲಿಲ್ಲ.

"ಸೋನಂ," ಅಂದಳು. "ಸರಿಯಾಗಿ ಬರಕೋರಿ."

ಸರಿಯಾಗಿಯೇ ಬರೆದುಕೊಂಡೆ. ಆಕೆಗೆ ಓದಿ ತೋರಿಸಿದೆ, ಎರಡು ಸಲ.