ಶಬ್ದ ಸತ್ತ ರೇಸು ಮತ್ತು ನಮ್ಮ ಮಾವ

ನಮ್ಮ ಮಾವ ಬಡಗಿ. ಮನೆಯ ಮುಂದೆಯೇ ಅವರ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ತಗಡಿನ ಚಾವಣಿ, ಅದರಡಿ ಮರ ಕೊಯ್ಯುವ ಒಂದು ಯಂತ್ರ, ಹಲಗೆ ನಯ ಮಾಡುವ ಇನ್ನೊಂದು ಯಂತ್ರ, ಮೂಲೆಯಲ್ಲಿ ಮಂಡಿಯೆತ್ತರಕ್ಕೆ ಮರದ ಹೊಟ್ಟು. ಈ ಎರಡು ಯಂತ್ರಗಳ ನಡುವೆ ನಿಂತೇ ಅವರ ತಲೆಗೂದಲು ಬೆಳ್ಳಗಾಯಿತು. ಬೀದಿಯವರು ಅವರನ್ನು ‘ಗರಗಸದವರು’ ಎನ್ನುತ್ತಾರೆ. ಕಸುಬಿಗೆ ಇಟ್ಟ ಹೆಸರು, ದನಿಗೂ ಒಪ್ಪುತ್ತದೆ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯವರೆಲ್ಲ ಯಾವುದೋ ದೊಡ್ಡ ಜಗಳದಲ್ಲಿದ್ದಾರೆ ಅಂದುಕೊಂಡಿದ್ದೆ. ಕಾಫಿ ಆರುತ್ತಿದೆ ಎಂದು ಅತ್ತೆ ಕರೆದರೆ ಎದುರು ಮನೆಯವರೂ ಎದ್ದು ಬರಬಹುದಿತ್ತು. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಎಲ್ಲರಿಗೂ ಅದೇ ಅಭ್ಯಾಸವಾಗಿತ್ತು. ಯಂತ್ರ ನಿಂತರೂ ಗಂಟಲು ನಿಲ್ಲುತ್ತಿರಲಿಲ್ಲ. ನನ್ನ ತವರು ಇದಕ್ಕೆ ತದ್ವಿರುದ್ಧ. ಅಪ್ಪ ಗಡಿಯಾರ ರಿಪೇರಿ ಮಾಡುವವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ತಾಗಿದರೂ ಹಾರಿಹೋಗುವ ತಿರುಪುಗಳ ಮುಂದೆ ಕೂರುವವರು ಜೋರಾಗಿ ಮಾತಾಡುವುದುಂಟೇ. ಈ ಮನೆಗೆ ಬಂದು ಒಂದು ವರ್ಷ ತುಂಬುವುದರೊಳಗೆ ನಾನೂ ಗಂಟಲು ಪಳಗಿಸಿಕೊಂಡೆ. ತವರಿಗೆ ಹೋದಾಗ ಅಮ್ಮ, “ಯಾಕೇ ಕಿರುಚ್ತೀಯಾ, ನಾನಿಲ್ಲೇ ಇದ್ದೀನಲ್ಲ” ಎನ್ನುತ್ತಿದ್ದಳು.

ಇಂಥ ಎರಡು ಮನೆಗಳನ್ನು ಸೇರಿಸಿದ್ದು ಟಿವಿಯಲ್ಲಿ ಬರುವ ಗ್ರ್ಯಾನ್ ಪ್ರಿ ಕಾರ್ ರೇಸು. ಮದುವೆ ಮಾತುಕತೆಗೆಂದು ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಗೋಡೆಯ ಮೇಲಿದ್ದ ರೇಸ್ ಕಾರಿನ ಚಿತ್ರ ಅಪ್ಪನ ಕಣ್ಣಿಗೆ ಬಿತ್ತು. ಇದು ಯಾವ ವರ್ಷದ ಗಾಡಿ ಎಂದು ಅಪ್ಪ ಕೇಳಿದರು. ಮಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಅಷ್ಟೇ, ಆಮೇಲೆ ಹುಡುಗನ ಸುದ್ದಿಯೂ ಇಲ್ಲ, ಹುಡುಗಿಯ ಸುದ್ದಿಯೂ ಇಲ್ಲ. ಮದುವೆ ಗೊತ್ತಾಯಿತೋ ಇಲ್ಲವೋ ಎಂದು ತಿಳಿದುಕೊಳ್ಳಲು ಅಮ್ಮ ಎರಡು ಮೂರು ಸಲ ಕೆಮ್ಮಬೇಕಾಯಿತು.

ಅಂದಿನಿಂದ ರೇಸ್ ಇರುವ ಭಾನುವಾರವೆಲ್ಲ ಅಪ್ಪ ನಮ್ಮಲ್ಲಿಗೆ ಬರುತ್ತಿದ್ದರು. ಮಾವ ತಾವೇ ಮಾಡಿದ ಉದ್ದನೆಯ ಸೋಫಾದ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ಅಪ್ಪ, ನಡುವೆ ಕಣ್ಣು ಕಿವಿ ಎರಡನ್ನೂ ಟಿವಿಗೆ ಒಪ್ಪಿಸಿದ ನನ್ನ ಗಂಡ. ಟಿವಿ ಅಷ್ಟೂ ಜೋರು. ಬೀಗರಿಬ್ಬರೂ ಯಾವುದರಲ್ಲೂ ಒಪ್ಪುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆ.

“ಮೊನಾಕೊ ಅದೇನು ಟ್ರ್ಯಾಕಾ ಬೀಗ್ರೆ, ಗಲ್ಲಿ” ಎಂದು ಮಾವ ಶುರು ಮಾಡುತ್ತಿದ್ದರು. “ಮುಂದೆ ಇರೋನು ಕೊನೇವರೆಗೂ ಮುಂದೆ, ಹಿಂದೆ ಇರೋನು ಹಿಂದೆ. ಅದಕ್ಕೆ ಮೆರವಣಿಗೆ ಅಂತಾರೆ, ರೇಸ್ ಅನ್ನಲ್ಲ. ಸ್ಪಾ ಟ್ರ್ಯಾಕ್ ನೋಡಿ, ಕಾಡು, ಏರು, ಇಳಿಜಾರು. ಗಾಡಿ ಉಸಿರಾಡೋದು ಅಲ್ಲಿ.”

“ಗೋಡೆಗೆ ಕೂದಲೆಳೆ ಜಾಗ ಬಿಟ್ಟು ತಿರುಗಿಸ್ತಾರಲ್ಲ, ಅದು ಕಸುಬು” ಎಂದು ಅಪ್ಪ ತಮ್ಮ ಸಣ್ಣ ದನಿಯಲ್ಲಿ. “ನೀವು ಅಳತೆ ತಪ್ಪಿದ ಬಾಗಿಲನ್ನ ವಿಶಾಲವಾಗಿದೆ ಅಂತ ಒಪ್ಕೊತೀರಾ?”

ಕೆಲವು ರೇಸಿನ ಹಿಂದಿನ ದಿನ ನಡೆಸುವ ಶನಿವಾರದ ಸಣ್ಣ ಓಟ ಬೇಕೇ ಬೇಡವೇ ಎಂಬುದು ಇನ್ನೊಂದು ಜಗಳ. ಎರಡು ದಿನ ರೇಸ್ ಸಿಕ್ಕಿದರೆ ಕಹಿಯೇ ಎಂದು ಮಾವ. ಭಾನುವಾರದ ಹಸಿವನ್ನು ಶನಿವಾರವೇ ಕೆಡಿಸಿಕೊಂಡ ಹಾಗೆ ಎಂದು ಅಪ್ಪ. ಅಡುಗೆಮನೆಯಲ್ಲಿ ಅತ್ತೆ ನನ್ನ ಕಿವಿಯಲ್ಲಿ, ಅಂದರೆ ಅರ್ಧ ಬೀದಿಯ ಕಿವಿಯಲ್ಲಿ, “ಇವರಿಬ್ರನ್ನೂ ಕೇಳದೆ ಅವರು ಹೇಗೆ ರೇಸ್ ನಡೆಸ್ತಾರೋ” ಎನ್ನುತ್ತಿದ್ದರು. ನನಗಂತೂ ಅದು ಹಬ್ಬದಂಥ ಸಂಭ್ರಮ. ತವರೂ ಗಂಡನ ಮನೆಯೂ ಒಂದೇ ಸೋಫಾದ ಮೇಲೆ ಕೂತಿರುವುದನ್ನು ನೋಡುವ ಭಾಗ್ಯ ಎಷ್ಟು ಹೆಣ್ಣುಮಕ್ಕಳಿಗಿದೆ.

ಆದರೆ ಮಾವನವರ ನಿಜವಾದ ದುಃಖ ಬೇರೆ. ಅದು ಶಬ್ದ. “ಹಿಂದೆ ಹತ್ತು ಸಿಲಿಂಡರಿನ ಎಂಜಿನ್ ಕೂಗಿದ್ರೆ ಎದೆ ನಡುಗ್ತಿತ್ತು. ಈಗ ಬ್ಯಾಟರಿ ಸೇರ್ಸಿ ಸೇರ್ಸಿ ಹೊಲಿಗೆ ಮಿಷನ್ ಮಾಡಿಟ್ಟಿದ್ದಾರೆ” ಎನ್ನುತ್ತಿದ್ದರು. ಪ್ರತಿ ವರ್ಷವೂ ಹೋದ ವರ್ಷಕ್ಕಿಂತ ಸದ್ದು ಇನ್ನೂ ಸಣ್ಣಗಾಗಿದೆ ಎಂದು ಗೊಣಗುತ್ತಿದ್ದರು. ನಾವೂ ಹೌದು ಹೌದು ಎನ್ನುತ್ತಿದ್ದೆವು. ಸುಳ್ಳೇನಲ್ಲವಲ್ಲ, ಎಂಜಿನ್ ಬದಲಾದ ಮೇಲೆ ಮೊದಲಿನ ಆರ್ಭಟ ಇಲ್ಲ ಎಂದು ರೇಸ್ ನೋಡುವವರೆಲ್ಲ ಹೇಳುತ್ತಿದ್ದರು, ಪತ್ರಿಕೆಗಳೂ ಬರೆಯುತ್ತಿದ್ದವು. ಅಪ್ಪ ಮಾತ್ರ ವಾದ ಮಾಡುತ್ತಿದ್ದರು. ರೇಸ್ ಇರುವುದು ಕ್ಷಣದ ಲೆಕ್ಕದಲ್ಲಿ, ಗದ್ದಲದಲ್ಲಿ ಅಲ್ಲ ಎಂಬುದು ಅವರ ಪಟ್ಟು.

ಒಂದು ಭಾನುವಾರ ಇದೇ ಮಾತು ಬೆಳೆಯಿತು. ಮುಂದೆ ಗಾಡಿಯ ಅರ್ಧ ಶಕ್ತಿ ಬ್ಯಾಟರಿಯದೇ ಆಗುತ್ತದಂತೆ ಎಂದು ನನ್ನ ಗಂಡ ಬೆಂಕಿಗೆ ತುಪ್ಪ ಸುರಿದಿದ್ದ. ನಾನು ಅಡುಗೆಮನೆಯಲ್ಲಿದ್ದೆ. ಅಪ್ಪ ಏನೋ ಹೇಳಿದರು, ಟಿವಿಯ ಗದ್ದಲದಲ್ಲಿ ನನಗೆ ತಿಳಿಯಲಿಲ್ಲ. ಮಾವನ ಉತ್ತರ ಮಾತ್ರ ಇಡೀ ಬೀದಿಗೆ ತಿಳಿಯಿತು.

“ಸುಮ್ನಿರಿ ಬೀಗ್ರೆ. ದಿನವಿಡೀ ಟಿಕ್ ಟಿಕ್ ಕೇಳ್ಕೊಂಡು ಕೂತೋರಿಗೆ ಎಂಜಿನ್ ಅಂದ್ರೆ ಏನು ಗೊತ್ತಾಗುತ್ತೆ?”

ನಾನು ಹೊರಗೆ ಬರುವಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿದ್ದರು. ರೇಸಿನಲ್ಲಿ ಇನ್ನೂ ಸುತ್ತುಗಳು ಬಾಕಿ ಇದ್ದವು. ಮನೆಗೆ ಬೆಂಕಿ ಬಿದ್ದರೂ ಕೊನೆಯ ಸುತ್ತು ನೋಡಿಯೇ ಏಳುವ ಮನುಷ್ಯ ನಡುವೆ ಎದ್ದು ಹೋದರು.

ಮುಂದಿನ ರೇಸಿಗೆ ಅಪ್ಪ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಮಾವ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. “ನಿಮ್ಮಪ್ಪನಿಗೆ ಸೋಲೋಕೆ ಬರಲ್ಲಮ್ಮ” ಎಂದರು. ಆದರೆ ಸೋಫಾದಲ್ಲಿ ಅಪ್ಪನ ತುದಿಗೆ ಬೇರೆ ಯಾರನ್ನೂ ಕೂರಲು ಬಿಡಲಿಲ್ಲ. ಮೊನಾಕೊ ರೇಸಿನ ದಿನ ‘ಗಲ್ಲಿ’ ಎಂದು ಶುರು ಮಾಡಿ, ಖಾಲಿ ಜಾಗ ನೋಡಿ, ಮಾತು ನುಂಗಿಕೊಂಡರು. ಬೈಯಲು ಜನವಿಲ್ಲದ ಮೇಲೆ ರೇಸೇನು ಚೆಂದ. ಟಿವಿಯನ್ನು ಮಾರಿಬಿಡೋಣ, ಇದರಲ್ಲಿ ನೋಡೋಕೂ ಏನಿಲ್ಲ ಕೇಳೋಕೂ ಏನಿಲ್ಲ ಎಂದು ಅತ್ತೆಯ ಮುಂದೆ ಅಂದರಂತೆ. ನನಗೆ ಭಯವಾಯಿತು. ಬೀಗರು ಒಮ್ಮೆ ಮುನಿಸಿಕೊಂಡರೆ ಅದು ಮದುವೆ ಮುಂಜಿಗೆ ಬಂದು ಉಂಡು ಹೋಗುವ ಸಂಬಂಧವಾಗಿ ಉಳಿಯುತ್ತದೆ ಅಷ್ಟೇ.

ಅಪ್ಪನ ಅಂಗಡಿಗೆ ಹೋದೆ. ನಾಲ್ಕೂ ಗೋಡೆಯಲ್ಲಿ ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಅಪ್ಪ ತಲೆ ಎತ್ತದೆ ಏನೋ ಅಂದರು, ನನಗೆ ಕೇಳಿಸಲಿಲ್ಲ. ಬಾಗಿ ಹತ್ತಿರ ಹೋದೆ.

“ನಾನು ಸೋಲೊಪ್ಕೊಂಡಿದ್ದೆ ಕಣೇ” ಎಂದರು ಅಪ್ಪ. “ಬ್ಯಾಟರಿ ಗಡಿಯಾರ ದಿನಾ ಬಿಚ್ತೀನಿ. ಟೈಮ್ ಸರಿಯಾಗಿ ತೋರ್ಸುತ್ತೆ, ಆದ್ರೆ ಕಿವಿಗಿಟ್ಕೊಂಡ್ರೆ ಒಳಗೆ ಯಾರೂ ಇಲ್ಲ ಅನ್ಸುತ್ತೆ. ನಿನ್ನ ಮಾವ ಹೇಳೋದು ಇದನ್ನೇ ಅಲ್ವಾ ಅಂತ ಹೋದ ವರ್ಷವೇ ಹೊಳೀತು. ಅವತ್ತಿಂದ ಅದೆಷ್ಟು ಸಲ ಹೇಳಿದೀನಿ, ನೀವು ಹೇಳೋದೇ ಸರಿ ಬೀಗ್ರೆ ಅಂತ. ಹೇಳಿದಾಗೆಲ್ಲ ಬೈತಾರೆ. ಸೋತೋನ ಮೇಲೂ ಕೈ ಮಾಡೋರ ಹತ್ರ ಏನು ಮಾತು?”

ನಾನು ಮನೆಗೆ ಬರುವ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ನಮ್ಮ ಮಾವ ಜಗಳಗಂಟ ನಿಜ, ಆದರೆ ತಮ್ಮನ್ನು ಸರಿ ಎಂದವರನ್ನು ಬೈದದ್ದು ನಾನು ಕಂಡಿಲ್ಲ. ಅಂಥವರಿಗೆ ಎರಡನೇ ಲೋಟ ಕಾಫಿ ಸಿಗುತ್ತದೆ. ಅಪ್ಪನ ಮಾತು ನನಗೇ ಬಾಗಿದ ಮೇಲೆ ಕೇಳಿಸಿತು ಎಂಬುದು ಆಗ ತಲೆಗೆ ಹೋಯಿತು.

ಕಾರ್ಖಾನೆಯಲ್ಲಿ ಯಂತ್ರ ನಿಂತಿತ್ತು. ಮಾವ ನನಗೆ ಬೆನ್ನು ಹಾಕಿ ಒಂದು ಕುರ್ಚಿಯ ಕೈಗೆ ನಯವಾಗಲೆಂದು ಉಪ್ಪುಕಾಗದ ಉಜ್ಜುತ್ತಿದ್ದರು. ನಾನು ಅವರ ಹಿಂದೆ ಎರಡು ಮಾರು ದೂರದಲ್ಲಿ ನಿಂತು, ಅಪ್ಪನ ಹಾಗೆ ಮೆಲ್ಲಗೆ, “ಮಾವ, ಸ್ಪಾಗಿಂತ ಮೊನಾಕೊ ಸಾವಿರ ಪಾಲು ಮೇಲು” ಎಂದೆ. ಈ ಮಾತಿಗೆ ನಮ್ಮ ಮಾವ ನಿದ್ದೆಯಿಂದಲೂ ಎದ್ದು ಕೂರಬೇಕು. ಅವರು ಉಜ್ಜುತ್ತಲೇ ಇದ್ದರು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, “ರೇಸ್ ಗಾಡಿಗೆ ಎಂಜಿನ್ನೇ ಬೇಡ ಮಾವ, ಬರೀ ಬ್ಯಾಟರಿ ಸಾಕು” ಎಂದೆ. ಅವರು ಕುರ್ಚಿಯ ಕೈಯನ್ನು ಊದಿ ಹೊಟ್ಟು ಹಾರಿಸಿ, ಅಂಗೈಯಿಂದ ಸವರಿ ನೋಡಿದರು. ನನಗೆ ಅಳು ಬಂತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮಾವ ಎಂಜಿನ್ ಡೊಂಕು ಅಂದಿದ್ದರು. ಎಂಜಿನ್ ಕೂಡ ನಿಜವಾಗಿ ಒಂದಿಷ್ಟು ಡೊಂಕಾಗಿದ್ದದ್ದೇ ಫಜೀತಿ. ಮನೆಯಲ್ಲಿ ನಾವೆಲ್ಲ ಕಿರುಚುವವರೇ ಆದ್ದರಿಂದ ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಮೆಲ್ಲಗೆ ಮಾತಾಡುವವರು ಒಬ್ಬರೇ ಇದ್ದರು, ಅವರನ್ನು ಓಡಿಸಿದ್ದಾಗಿತ್ತು.

ಡಾಕ್ಟರ ಹತ್ತಿರ ಹೋಗೋಣ ಅಂದದ್ದಕ್ಕೆ ಮಾವ ನಕ್ಕರು. “ನನ್ನ ಕಿವಿಗೇನಾಗಿದೆ? ಇಡೀ ಲೋಕವೇ ಹೇಳ್ತಿದೆ ರೇಸಲ್ಲಿ ಶಬ್ದ ಇಲ್ಲ ಅಂತ. ಲೋಕಕ್ಕೆಲ್ಲ ಕಿವುಡಾ?”

ಇದಕ್ಕೆ ಉತ್ತರ ಹುಡುಕಿದ್ದು ನನ್ನ ಗಂಡ. ಹತ್ತು ಸಿಲಿಂಡರಿನ ಕಾಲದ ಒಂದು ಹಳೆಯ ರೇಸಿನ ವಿಡಿಯೊವನ್ನು ಟಿವಿಗೆ ಹಾಕಿ, ಸದ್ದನ್ನು ತುದಿಗೆ ಏರಿಸಿದ. ಮಾವ ಕಾಲು ಮಡಚಿ, ನಗುತ್ತ, “ಈಗ ಕೇಳು ಎಂಜಿನ್ ಅಂದ್ರೇನು ಅಂತ” ಎಂದು ಕೂತರು. ಟ್ರ್ಯಾಕಿನಲ್ಲಿ ಶುರುವಿನ ಕೆಂಪು ದೀಪಗಳು ಆರಿದವು, ಗಾಡಿಗಳು ಚಿಮ್ಮಿದವು. ಮಾವನ ನಗು ಹಾಗೇ ಇತ್ತು, ಕಾಯುತ್ತಿತ್ತು. ಗಾಡಿಗಳು ಒಂದು ಸುತ್ತು ಮುಗಿಸಿ ಬಂದವು. “ವಿಡಿಯೊ ಹಾಳಾಗಿದೆ ಕಣೋ, ಸದ್ದು ಸರಿಯಾಗಿ ಬರ್ತಿಲ್ಲ” ಎಂದರು. ಅವರು ತಿರುಗಿ ಅತ್ತೆಯನ್ನು ನೋಡಿದರು. ಅತ್ತೆ ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದರು.

ಮಾವ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದರು. ಆಮೇಲೆ, “ಡಾಕ್ಟರ್ ಎಷ್ಟೊತ್ತಿಗೆ ಇರ್ತಾರೆ?” ಎಂದರು.

ಯಂತ್ರದ ಪಕ್ಕ ಕಿವಿ ಮುಚ್ಚಿಕೊಳ್ಳದೆ ನಿಂತದ್ದರ ಫಲ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ದೊಡ್ಡದು ಮಾಡಬಹುದು ಎಂದು ಎರಡು ಕಿವಿಗೂ ಹುಣಿಸೆಬೀಜದಷ್ಟಿದ್ದ ಯಂತ್ರ ಕೂರಿಸಿ ಕಳಿಸಿದರು. ಮಾವ ಮನೆಗೆ ಬಂದವರೇ ಮಲಗುವ ಕೋಣೆಯ ಬೀರು ತೆಗೆದು ಬೆಚ್ಚಿದರು. ಅವರೇ ಮಾಡಿದ ಬೀರು.

“ಇದು ಯಾವತ್ತಿಂದ ಹೀಗೆ ಕಿರ್ರ್ ಅಂತಿದೆ?”

“ನಿಮ್ಮ ಮಗನ ಮದುವೆಗೂ ಮುಂಚಿಂದ” ಎಂದರು ಅತ್ತೆ.

ನುರಿತ ಬಡಗಿಗೆ ಇದಕ್ಕಿಂತ ಅವಮಾನವಿಲ್ಲ. ಅಂದು ಸಂಜೆಯೆಲ್ಲ ಅವರು ಎಣ್ಣೆ ಬಟ್ಟಲು ಹಿಡಿದು ಮನೆಯ ಒಂದೊಂದು ಬಾಗಿಲ ಮುಂದೆ ಮಂಡಿಯೂರಿದರು. ನಲ್ಲಿ ತೊಟ್ಟಿಕ್ಕುವುದು, ಪತ್ರಿಕೆ ಮಡಚುವುದು, ಅತ್ತೆಯ ಬಳೆ, ಎಲ್ಲಕ್ಕೂ ತಲೆ ತಿರುಗಿಸಿ ನೋಡುತ್ತಿದ್ದರು. ಅವರನ್ನು ಹಾಗೆ ನೋಡಿ ನನಗೆ ಆದ ಸಂತೋಷ ಹೇಳತೀರದು.

ಅಪ್ಪನಿಗೆ ವಿಷಯ ಹೇಳಿದಾಗ ಅವರು ಭೂತಗನ್ನಡಿ ತೆಗೆದು ಕೆಳಗಿಟ್ಟರು. “ಗಡಿಯಾರದೊಳಗೆ ಧೂಳು ಕೂತಿದ್ರೂ ನನಗೆ ಕೇಳ್ಸುತ್ತೆ. ಪಕ್ಕದಲ್ಲಿ ಕೂತ ಮನುಷ್ಯಂದು ಗೊತ್ತಾಗ್ಲಿಲ್ಲವಲ್ಲೇ” ಎಂದು ಸಂಕಟಪಟ್ಟರು. ಅವರು ಸೋಲೊಪ್ಪಿಕೊಂಡ ಸಂಗತಿಯನ್ನು ನಾನು ಮಾವನಿಗೆ ಹೇಳಿರಲಿಲ್ಲ. ಅದನ್ನು ಅವರೇ ಹೇಳಬೇಕು, ಮಾವನೇ ಕೇಳಬೇಕು ಅನ್ನಿಸಿತ್ತು.

ಭಾನುವಾರ ಅಪ್ಪ ಬಂದು ತಮ್ಮ ತುದಿಯಲ್ಲಿ ಕೂತರು. ನನ್ನ ಗಂಡ ಜಾಣ, ನಡುವಿನಿಂದ ಎದ್ದು ನೆಲದ ಮೇಲೆ ಕೂತ. ಟಿವಿಯ ಸದ್ದು ಮಾಮೂಲಿನ ಅರ್ಧದಷ್ಟು. ನಾನೂ ಅತ್ತೆಯೂ ಬಾಗಿಲಲ್ಲೇ ನಿಂತೆವು. ರೇಸ್ ಶುರುವಾಯಿತು. ಮಾವ ಮುಂದಕ್ಕೆ ಬಾಗಿ, ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದರು.

“ನೀವು ಹೇಳ್ತಿದ್ದದ್ದೇ ಸರಿ ಬೀಗ್ರೆ” ಎಂದರು ಅಪ್ಪ, ಎಂದಿನಂತೆ ಅಂಗಿಯ ಗುಂಡಿಗೆ ಹೇಳುವವರ ಹಾಗೆ. “ಶಬ್ದ ಇಲ್ದೆ ಇದ್ರೆ ಅದು ರೇಸಲ್ಲ.”

ಮಾವ ತಿರುಗಿದರು. “ಯಾವಾಗಿಂದ ಹೀಗನ್ನಿಸ್ತು?”

“ಹೋದ ವರ್ಷದಿಂದ ಹೇಳ್ತಾನೇ ಇದ್ದೀನಿ.”

“ಅವತ್ತು, ನೀವು ಎದ್ದು ಹೋದ ದಿನ?”

“ಅವತ್ತೂ ಅದನ್ನೇ ಹೇಳಿದ್ದು.”

ಮಾವ ಸರಿದು ಬಂದು ಅಪ್ಪನ ಮಂಡಿಯ ಮೇಲೆ ತಮ್ಮ ಒರಟು ಕೈ ಇಟ್ಟು ಕೂತರು. ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು. ಗಾಡಿಗಳು ಎರಡು ಮೂರು ಸುತ್ತು ಹಾಗೇ ಓಡಿದವು.

ಆಮೇಲೆ ಮಾವ ಗಂಟಲು ಸರಿಮಾಡಿಕೊಂಡರು. “ಆದ್ರೆ ಬೀಗ್ರೆ, ಈಗ ಕೇಳಿದ್ರೆ ಈ ಎಂಜಿನ್ ಏನೂ ಕೆಟ್ಟದಾಗಿಲ್ಲ. ಸೀಟಿ ಹೊಡ್ದಂಗೆ ಒಂದು ದನಿ ಇದೆ ನೋಡಿ ಒಳಗೆ. ಟೈರ್ ಉಜ್ಜೋದೂ ಕೇಳ್ಸುತ್ತೆ. ಹಳೇ ಗಾಡೀಲಿ ಇದೆಲ್ಲ ಮುಚ್ಚಿಹೋಗ್ತಿತ್ತು. ಬ್ಯಾಟರಿ ಇನ್ನೊಂದು ಸ್ವಲ್ಪ ಸೇರಿಸಿದ್ರೂ ನಷ್ಟ ಇಲ್ಲ.”

ಅಪ್ಪ ಎದ್ದು ನಿಂತರು. ನಾನು ಹುಟ್ಟಿದಾಗಿನಿಂದ ಅವರ ಬಾಯಿಂದ ಅಂಥ ದನಿ ಬಂದದ್ದನ್ನು ಕೇಳಿಲ್ಲ. “ಏನ್ ಮಾತಾಡ್ತಿದೀರಾ ಬೀಗ್ರೆ? ಒಂದು ವರ್ಷ ಬೈಸ್ಕೊಂಡು ನಿಮ್ಮ ಕಡೆ ಬಂದು ಕೂತ್ರೆ ನೀವು ಆ ಕಡೆ ಹೋಗಿ ಕೂತ್ರಾ? ಬ್ಯಾಟರಿ ಅಂತೆ, ಸೀಟಿ ಅಂತೆ, ರೇಸ್ ಗಾಡಿ ಅಂದ್ರೆ ಕುಕ್ಕರ್ ಅಂದ್ಕೊಂಡ್ರಾ?”

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಮಾವ ಸೋಫಾಕ್ಕೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಹುಟ್ಟಿದಂದಿನಿಂದ ಗಲಾಟೆಯೇ ಒಗ್ಗದವರ ಹಾಗೆ ಹೇಳಿದರು.

“ಮೆಲ್ಲಗೆ ಹೇಳಿ ಬೀಗ್ರೆ. ಕೇಳಿಸ್ತಿದೆ.”